ಬಳಲಿದ ಹೃದಯಕ್ಕೆ ಯಂತ್ರದ ಆಸರೆ: ಔಷಧದಾನದ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ಅವಲೋಕನ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರಗಳೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಆಹಾರದಾನದ ಫಲ ಕೂಡಲೆ ಕಣ್ಣಿಗೆ ಕಾಣುತ್ತದೆ. ಶಾಸ್ತ್ರದಾನದ ಫಲ ತಲೆಮಾರುಗಳ ಮೇಲೆ ಕಾಣುತ್ತದೆ. ಔಷಧದಾನವಾದರೋ ದಾನಿಯಿಂದ ದ್ರವ್ಯದ ಜೊತೆಗೆ ತಿಳಿವಳಿಕೆಯನ್ನೂ ಬೇಡುತ್ತದೆ. ಹಸಿದವನಿಗೆ ಇಕ್ಕಿದ ಅನ್ನ ತಪ್ಪಾಗುವುದು ಅಪರೂಪ. ರೋಗಿಗೆ ಕೊಟ್ಟ ಔಷಧ ತಪ್ಪಾಗುವುದು ಅಪರೂಪವಲ್ಲ.

ಈ ಮಾತನ್ನು ಬರೆಯಲು ಕಾರಣವಿದೆ. ಕೆಲವು ತಿಂಗಳ ಹಿಂದೆ ಮೈಸೂರಿನಲ್ಲಿ ನಮ್ಮ ಟ್ರಸ್ಟಿನ ಸಭೆಯೊಂದರಲ್ಲಿ ಧರ್ಮಬಂಧುಗಳೊಬ್ಬರು ತಮ್ಮ ತೀರ್ಥರೂಪರ ಸ್ಮರಣಾರ್ಥವಾಗಿ, ಹೃದಯಾಘಾತದ ರೋಗಿಗಳಿಗೆ ಆಸರೆಯಾಗುವ ಯಂತ್ರವೊಂದನ್ನು ಆಸ್ಪತ್ರೆಗೆ ದಾನ ಮಾಡುವ ಇಚ್ಛೆಯನ್ನು ತಿಳಿಸಿದರು. ಅವರ ತಂದೆಯವರಿಗೆ ಒಂದು ದಿನ ಬೆಳಗಿನ ಜಾವ ಎದೆನೋವು ಕಾಣಿಸಿಕೊಂಡಿತ್ತು. ಹಿಂದಿನ ದಿನ ಉಪವಾಸವಿದ್ದುದರಿಂದ ಇದು ವಾಯುವೆಂದೇ ಮನೆಯವರು ತಿಳಿದರು. ಓಮದ ಕಷಾಯ ಕೊಟ್ಟರು, ಮಲಗಿಸಿದರು. ಮಧ್ಯಾಹ್ನ ಮೈ ಬೆವರಿ ಕೈಕಾಲು ತಣ್ಣಗಾದ ಮೇಲೆ ಆಸ್ಪತ್ರೆಗೆ ಒಯ್ದರು. ಅಲ್ಲಿ ಬಲೂನ್ ಪಂಪನ್ನು ಅಳವಡಿಸಿದರೂ ಮೂರನೆಯ ದಿನ ಅವರು ತೀರಿಕೊಂಡರು. ಇನ್ನೂ ಉತ್ತಮವಾದ ಯಂತ್ರವಿದ್ದಿದ್ದರೆ ಅಪ್ಪಾಜಿ ಉಳಿಯುತ್ತಿದ್ದರೆಂಬ ಕೊರಗು ಮಗನನ್ನು ಬಿಟ್ಟಿಲ್ಲ. ಸಭೆಯಲ್ಲಿ ಎರಡು ಆಕ್ಷೇಪಗಳು ಬಂದುವು. ಈ ಯಂತ್ರಗಳು ನಿಜವಾಗಿ ಪ್ರಾಣ ಉಳಿಸುತ್ತವೆಯೇ ಎಂದು ಒಬ್ಬರು ಕೇಳಿದರು. ಇವುಗಳ ಜೊತೆಗೆ ಕೊಡುವ ಔಷಧದಲ್ಲಿ ಪ್ರಾಣಿಜನ್ಯ ಪದಾರ್ಥವಿದೆಯಂತೆ, ಅದಕ್ಕೆ ಬಸದಿಯ ಹಣ ಸಲ್ಲುವುದೇ ಎಂದು ಮತ್ತೊಬ್ಬರು ಕೇಳಿದರು. ವಿಷಯವನ್ನು ಪರಿಶೀಲಿಸಿ ತಿಳಿಸುವ ಹೊಣೆ ನನ್ನ ಪಾಲಿಗೆ ಬಂತು. ನಾನು ವೈದ್ಯನಲ್ಲ, ಲೆಕ್ಕಪತ್ರ ಓದಬಲ್ಲ ವ್ಯಾಪಾರಿ. ಆ ಮಿತಿಯೊಳಗೆ ಕಂಡುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ಪೂರ್ವಪರಂಪರೆ

ಔಷಧವನ್ನು ಪ್ರಶ್ನಿಸಿ ಸ್ವೀಕರಿಸುವ ಕ್ರಮ ನಮಗೆ ಹೊಸದಲ್ಲ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯನ್ನು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆ ಸ್ಮರಿಸುತ್ತದೆ. ಅವರದೆಂದು ಹೇಳಲಾಗುವ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ೧೨ನೆಯ ಶತಮಾನದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವೆಂಬ ಹೆಸರಿನಿಂದ ಕನ್ನಡಕ್ಕೆ ತಂದನು. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನೇ ಹೇಳುವುದು ಆ ಗ್ರಂಥದ ವೈಶಿಷ್ಟ್ಯ. ಅದಕ್ಕೂ ಮೊದಲು ೯ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ದ ಕೊನೆಗೆ 'ಹಿತಾಹಿತಾಧ್ಯಾಯ'ವೆಂಬ ಭಾಗವಿದೆ. ಮಾಂಸವನ್ನು ಔಷಧವೆಂದು ಬಳಸುವುದು ನಿರರ್ಥಕವೆಂದು ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಅವರು ವಾದಿಸಿದರೆಂಬುದು ಅದರ ಹಿನ್ನೆಲೆ. ೧೪ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷಚಿಕಿತ್ಸೆಗೇ ಮೀಸಲಾದ ಕನ್ನಡ ಗ್ರಂಥ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಉಗ್ರಾದಿತ್ಯರು ಮಾಂಸೌಷಧವು ಪಾಪಕರವೆಂದು ಹೇಳಿ ನಿಲ್ಲಲಿಲ್ಲ. ಅದರಿಂದ ಪ್ರಯೋಜನವೂ ಇಲ್ಲವೆಂದು ವಾದಿಸಿದರು. ಹಿಂಸೆಯಾಗುತ್ತದೆಯೇ, ಫಲವಿದೆಯೇ ಎಂಬ ಎರಡು ಪ್ರಶ್ನೆಗಳನ್ನೂ ಬಿಡಿಬಿಡಿಯಾಗಿ ಕೇಳುವುದು ಅವರು ತೋರಿದ ಮಾರ್ಗ. ನಮ್ಮ ಸಭೆಯಲ್ಲಿ ಎದ್ದ ಪ್ರಶ್ನೆಗಳೂ ಇವೇ ಎರಡು.

ರೋಗದ ಸ್ವರೂಪ

ಆರೋಗ್ಯವಂತರ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ದೇಹಕ್ಕೆ ಒತ್ತಿ ಕಳುಹಿಸುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಪೂರೈಸುವ ಕರೊನರಿ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಅದರ ವ್ಯಾಪ್ತಿಯ ಸ್ನಾಯು ಸಾಯತೊಡಗುತ್ತದೆ, ಇದೇ ಹೃದಯಾಘಾತ. ಹಾನಿ ಅತಿಯಾಗಿ, ಎಡ ಹೃತ್ಕುಕ್ಷಿಯ ಸ್ನಾಯುವಿನಲ್ಲಿ ಸುಮಾರು ನೂರಕ್ಕೆ ೪೦ ಭಾಗಕ್ಕೂ ಮಿಕ್ಕಿ ನಷ್ಟವಾದರೆ ಹೃದಯವು ದೇಹಕ್ಕೆ ಬೇಕಾದ ರಕ್ತವನ್ನು ಒದಗಿಸಲಾರದು. ರಕ್ತದ ಒತ್ತಡ ೯೦ಕ್ಕಿಂತ ಕೆಳಗೆ ಇಳಿದು ಏರುವುದಿಲ್ಲ. ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಮೆಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. ವೈದ್ಯರು ಇದನ್ನು ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ. ಹೃದಯಾಘಾತವಾದ ನೂರು ಮಂದಿಯಲ್ಲಿ ೫ರಿಂದ ೧೦ ಮಂದಿ ಈ ಸ್ಥಿತಿಗೆ ಬರುತ್ತಾರೆ.

ಇದರ ಕ್ರೌರ್ಯವಿರುವುದು ಅದರ ಆವರ್ತನದಲ್ಲಿ. ಹೃದಯ ಸೋತಂತೆ ರಕ್ತದ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಂತೆ ಹೃದಯದ ಸ್ವಂತ ನಾಳಗಳಿಗೂ ರಕ್ತ ಸಾಲದಾಗುತ್ತದೆ. ಆಗ ಅದು ಮತ್ತಷ್ಟು ಸೋಲುತ್ತದೆ. ಬಂಡವಾಳ ಕರಗುತ್ತಿರುವ ಅಂಗಡಿಯವನು ದಿನದ ಖರ್ಚಿಗೆ ಬಂಡವಾಳವನ್ನೇ ಮುರಿದುಕೊಂಡಂತೆ ಇದು. ೧೯೬೭ರಲ್ಲಿ ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಾಲ್ ಎಂಬ ವೈದ್ಯರು ೨೫೦ ಹೃದಯಾಘಾತದ ರೋಗಿಗಳ ವಿವರವನ್ನು ಪ್ರಕಟಿಸಿದಾಗ, ಶಾಕ್ ಸ್ಥಿತಿಯನ್ನು ತಲಪಿದವರಲ್ಲಿ ನೂರಕ್ಕೆ ೮೧ ಮಂದಿ ಮರಣಿಸಿದ್ದರು. ಇಂಥ ನಿರಾಶೆಯ ಕಾಲದಲ್ಲಿ ಯಂತ್ರದ ಆಲೋಚನೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಬಲೂನ್ ಪಂಪಿನ ಉದಯ

ರಕ್ತಪರಿಚಲನೆಯ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೆಂಬುದು ೧೯೫೩ರ ಮೇ ೬ರಂದು ಸಿದ್ಧವಾಯಿತು. ಅಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು ತಾವೇ ರೂಪಿಸಿದ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತರುಣಿಯೊಬ್ಬಳ ಹೃದಯದ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದರು. ಆದರೆ ಅದು ಶಸ್ತ್ರಚಿಕಿತ್ಸೆಯ ಕೊಠಡಿಗೆ ಸೀಮಿತವಾದ ದೊಡ್ಡ ಯಂತ್ರ. ಹಾಸಿಗೆಯಲ್ಲಿ ಕುಸಿಯುತ್ತಿರುವ ರೋಗಿಗೆ ಬೇರೆಯೇ ಉಪಾಯ ಬೇಕಾಗಿತ್ತು.

೧೯೬೨ರಲ್ಲಿ ಮೌಲೊಪುಲೊಸ್, ಟೋಪಾಜ್ ಮತ್ತು ಕೋಲ್ಫ್ ಎಂಬುವರು ಸರಳವಾದ ಒಂದು ಉಪಾಯವನ್ನು ಪ್ರಕಟಿಸಿದರು. ಹೃದಯದಿಂದ ಹೊರಡುವ ಮಹಾಪಧಮನಿಯೊಳಗೆ ಉದ್ದನೆಯ ಸಣ್ಣ ಬಲೂನೊಂದನ್ನು ಇರಿಸುವುದು. ಹೃದಯ ವಿರಮಿಸುವ ಕ್ಷಣದಲ್ಲಿ ಅದನ್ನು ಉಬ್ಬಿಸಿ ರಕ್ತವನ್ನು ಕರೊನರಿ ನಾಳಗಳತ್ತ ಒತ್ತುವುದು. ಹೃದಯ ಮತ್ತೆ ಸಂಕೋಚಗೊಳ್ಳುವ ಮುನ್ನ ಕುಗ್ಗಿಸಿ ಅದರ ದಾರಿಯನ್ನು ಹಗುರಗೊಳಿಸುವುದು. ೧೯೬೭ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಅವರು ಶಾಕ್ ಸ್ಥಿತಿಯಲ್ಲಿದ್ದ ಮಧ್ಯವಯಸ್ಸಿನ ಮಹಿಳೆಯೊಬ್ಬರಿಗೆ ಈ ಉಪಾಯವನ್ನು ಮೊದಲ ಬಾರಿಗೆ ಪ್ರಯೋಗಿಸಿದರು. ಕೆಲವು ಗಂಟೆಗಳ ಆಸರೆಯಿಂದ ಆಕೆ ಚೇತರಿಸಿಕೊಂಡು ಮನೆಗೆ ಮರಳಿದರು.

ಮೊದಮೊದಲು ತೊಡೆಯ ಅಪಧಮನಿಯನ್ನು ಕೊಯ್ದು ಬಲೂನನ್ನು ಒಳಸೇರಿಸಬೇಕಾಗಿತ್ತು. ೧೯೮೦ರ ಸುಮಾರಿಗೆ ಸೂಜಿಯ ಮೂಲಕವೇ ಅದನ್ನು ತೂರಿಸುವ ಕ್ರಮ ಬಂದ ಮೇಲೆ ಅದರ ಬಳಕೆ ಜಗತ್ತಿನಾದ್ಯಂತ ಹರಡಿತು. ಬಲೂನನ್ನು ಉಬ್ಬಿಸಲು ಬಳಸುವುದು ಹೀಲಿಯಂ ಅನಿಲ. ಅದು ಹಗುರವಾದುದರಿಂದ ಕೊಳವೆಯಲ್ಲಿ ಬೇಗ ಬೇಗ ಚಲಿಸುತ್ತದೆ. ಭಾರತದ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿಯೂ ಇದು ಪರಿಚಿತ ಸಾಧನವಾಯಿತು. ಶಾಕ್ ಎಂದರೆ ಬಲೂನ್ ಎಂಬುದು ಪ್ರಶ್ನೆಗೆ ಅವಕಾಶವಿಲ್ಲದ ಸಂಪ್ರದಾಯವಾಗಿಬಿಟ್ಟಿತು.

ನಂಬಿಕೆಯ ಪರೀಕ್ಷೆ

ದೇವಮೂಢತೆ, ಗುರುಮೂಢತೆ, ಲೋಕಮೂಢತೆ ಎಂಬ ಮೂರನ್ನೂ ಬಿಟ್ಟಲ್ಲದೆ ಸಮ್ಯಗ್ದರ್ಶನವು ನಿರ್ಮಲವಾಗದೆಂದು ನಮ್ಮ ಶ್ರಾವಕಾಚಾರಗಳು ಹೇಳುತ್ತವೆ. ಎಲ್ಲರೂ ಮಾಡುತ್ತಾರಾದ್ದರಿಂದ ಇದು ಸರಿಯೆಂದು ನಂಬುವುದು ಲೋಕಮೂಢತೆಯ ಒಂದು ಮುಖ. ವೈದ್ಯಲೋಕವೂ ಇದರಿಂದ ಹೊರತಲ್ಲ. ಬಲೂನ್ ಪಂಪ್ ಒದಗಿಸುವ ಹೆಚ್ಚುವರಿ ರಕ್ತದ ಪ್ರಮಾಣ ನಿಮಿಷಕ್ಕೆ ಅರ್ಧ ಲೀಟರಿನ ಸುಮಾರು ಮಾತ್ರ. ಇಷ್ಟರಿಂದ ಪ್ರಾಣ ಉಳಿಯುತ್ತದೆಯೇ ಎಂಬುದನ್ನು ದಶಕಗಳ ಕಾಲ ಯಾರೂ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿರಲಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ: ಒಂದೇ ಬಗೆಯ ರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಪಂಗಡಗಳಾಗಿ ವಿಂಗಡಿಸುವುದು, ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ರೂಢಿಯ ಚಿಕಿತ್ಸೆ, ಕೊನೆಗೆ ಉಳಿದವರ ಲೆಕ್ಕ. ಸಾಯುವ ಸ್ಥಿತಿಯಲ್ಲಿರುವವರ ವಿಷಯದಲ್ಲಿ ಚೀಟಿ ಎತ್ತುವುದು ನಿರ್ದಯವಲ್ಲವೇ ಎಂದು ಮೊದಲು ನನಗೂ ಅನ್ನಿಸಿತು. ಪರಿಶೀಲಿಸಿದಂತೆ ಅಭಿಪ್ರಾಯ ಬದಲಾಯಿತು. ಯಾವುದು ಒಳ್ಳೆಯದೆಂದು ನಿಜವಾಗಿಯೂ ತಿಳಿಯದಿರುವಾಗ ತಿಳಿದಂತೆ ನಟಿಸಿ ಸಾವಿರಾರು ಮಂದಿಗೆ ಒಂದೇ ಚಿಕಿತ್ಸೆ ಕೊಡುವುದರಲ್ಲಿ ಹೆಚ್ಚಿನ ನಿರ್ದಯತೆಯಿದೆ. ತನ್ನ ದೃಷ್ಟಿ ಏಕಾಂಗಿಯಾಗಿರಬಹುದೆಂದು ಒಪ್ಪಿಕೊಳ್ಳುವ ಅನೇಕಾಂತದ ವಿನಯ ಈ ಕ್ರಮದಲ್ಲಿ ಅಡಗಿದೆ.

ಮೊದಲ ಮಹತ್ವದ ಪರೀಕ್ಷೆ ಯಂತ್ರದ್ದಾಗಿರಲಿಲ್ಲ. ಮುಚ್ಚಿದ ನಾಳವನ್ನು ತೆರೆಯುವುದರದ್ದಾಗಿತ್ತು. ೧೯೯೯ರಲ್ಲಿ ಜುಡಿತ್ ಹಾಕ್‌ಮನ್ ಅವರ ನೇತೃತ್ವದ 'ಶಾಕ್' ಅಧ್ಯಯನವು ೩೦೨ ರೋಗಿಗಳ ಫಲಿತಾಂಶವನ್ನು ಪ್ರಕಟಿಸಿತು. ತುರ್ತಾಗಿ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮೂಲಕ ರಕ್ತದ ದಾರಿ ತೆರೆದವರಲ್ಲಿ ಆರು ತಿಂಗಳೊಳಗೆ ಮರಣಿಸಿದವರು ನೂರಕ್ಕೆ ೫೦.೩, ಮೊದಲು ಔಷಧಗಳಿಂದ ಸ್ಥಿರಗೊಳಿಸಲು ಯತ್ನಿಸಿದವರಲ್ಲಿ ೬೩.೧. ಮೊದಲ ೩೦ ದಿನಗಳಲ್ಲಿ ಈ ಅಂತರ ನಿಶ್ಚಿತವಾಗಿ ಹೇಳುವಷ್ಟು ಇರಲಿಲ್ಲ. ಕಾಲ ಕಳೆದಂತೆ ಸ್ಪಷ್ಟವಾಯಿತು. ಎರಡೂ ಪಂಗಡಗಳ ಹೆಚ್ಚಿನವರಿಗೆ ಬಲೂನ್ ಅಳವಡಿಸಲಾಗಿತ್ತು. ಅಂತರವನ್ನುಂಟುಮಾಡಿದ್ದು ನಾಳವನ್ನು ಬೇಗ ತೆರೆದದ್ದು.

ಬಲೂನಿನ ಸರದಿ ಬಂದುದು ೨೦೧೨ರಲ್ಲಿ. ಜರ್ಮನಿಯ ಹೋಲ್ಗರ್ ಥೀಲೆ ಮತ್ತು ಸಂಗಡಿಗರು ೬೦೦ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಬಲೂನ್ ಪಡೆದವರಲ್ಲಿ ೩೦ ದಿನದೊಳಗೆ ನೂರಕ್ಕೆ ೩೯.೭ ಮಂದಿಯೂ ಪಡೆಯದವರಲ್ಲಿ ೪೧.೩ ಮಂದಿಯೂ ಮರಣಿಸಿದರು. ಲೆಕ್ಕದ ದೃಷ್ಟಿಯಲ್ಲಿ ಇದು ಅಂತರವೇ ಅಲ್ಲ. ಆರು ವರ್ಷಗಳ ಅನಂತರ ನೋಡಿದಾಗಲೂ ಭೇದ ಕಾಣಲಿಲ್ಲ. ೪೫ ವರ್ಷಗಳ ಸಂಪ್ರದಾಯ ಒಂದು ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. ಯೂರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ ಇದನ್ನು ಎಲ್ಲ ಶಾಕ್ ರೋಗಿಗಳಿಗೂ ರೂಢಿಯಂತೆ ಬಳಸಬಾರದೆಂದು ತಿದ್ದುಪಡಿಯಾಯಿತು. ಹೃದಯದ ಕವಾಟವೋ ಗೋಡೆಯೋ ಹರಿದಂಥ ವಿಶೇಷ ಸಂದರ್ಭಗಳಲ್ಲಿ, ಶಸ್ತ್ರಚಿಕಿತ್ಸೆಯವರೆಗಿನ ಆಸರೆಯಾಗಿ, ಬಲೂನಿಗೆ ಇಂದಿಗೂ ಸ್ಥಾನವಿದೆ.

ತಿರುಪಿನ ಪಂಪು ಮತ್ತು ಹತ್ತು ವರ್ಷಗಳ ತಾಳ್ಮೆ

ಇದೇ ಕಾಲದಲ್ಲಿ ಇನ್ನೊಂದು ಯಂತ್ರ ಬೆಳೆಯುತ್ತಿತ್ತು. ರಿಚರ್ಡ್ ವ್ಯಾಂಪ್ಲರ್ ಎಂಬ ಅಮೆರಿಕನ್ ವೈದ್ಯರು ೧೯೭೬ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ರೈತರು ತಿರುಪಿನಾಕಾರದ ಸಾಧನವನ್ನು ತಿರುಗಿಸಿ ನೀರೆತ್ತುವುದನ್ನು ಕಂಡರು. ನಮ್ಮ ಕಡೆಯ ಏತ, ಕಪಿಲೆಗಳಂತೆ ಅದೂ ಪ್ರಾಚೀನವಾದುದು; ಆರ್ಕಿಮಿಡೀಸನ ಹೆಸರಿನಲ್ಲಿ ಪ್ರಸಿದ್ಧವಾದುದು. ರಕ್ತವನ್ನೂ ಹೀಗೆ ಎತ್ತಬಾರದೇಕೆಂಬ ಆಲೋಚನೆಯಿಂದ ಅವರು ರೂಪಿಸಿದ 'ಹೀಮೋಪಂಪ್' ೧೯೮೮ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲ ರೋಗಿಗೆ ಬಳಕೆಯಾಯಿತು. ಆ ಪಂಪು ಬಹುಕಾಲ ನಿಲ್ಲದಿದ್ದರೂ ಆ ತತ್ತ್ವ ಉಳಿಯಿತು. ಇಂದು 'ಇಂಪೆಲ್ಲಾ' ಎಂಬ ಹೆಸರಿನ ಪಂಪು ತೊಡೆಯ ಅಪಧಮನಿಯಿಂದ ಸಾಗಿ ಎಡ ಹೃತ್ಕುಕ್ಷಿಯೊಳಗೇ ತುದಿಯಿಟ್ಟು, ಅಲ್ಲಿಂದ ರಕ್ತವನ್ನು ಹೀರಿ ಮಹಾಪಧಮನಿಗೆ ಬಿಡುತ್ತದೆ. ಶಾಕ್ ರೋಗಿಗಳಲ್ಲಿ ಹೆಚ್ಚಾಗಿ ಬಳಸುವ ಮಾದರಿಯು ನಿಮಿಷಕ್ಕೆ ಮೂರು ಲೀಟರಿಗೂ ಮಿಕ್ಕ ರಕ್ತವನ್ನು ಸಾಗಿಸಬಲ್ಲುದು.

ಬಲೂನಿನ ಅನುಭವದಿಂದ ಪಾಠ ಕಲಿತವರು ಇದನ್ನು ಪರೀಕ್ಷಿಸದೆ ಒಪ್ಪಲಿಲ್ಲ. ಡೆನ್ಮಾರ್ಕಿನ ಯಾಕೊಬ್ ಮುಲ್ಲರ್ ಅವರ ನೇತೃತ್ವದಲ್ಲಿ ಡೆನ್ಮಾರ್ಕ್, ಜರ್ಮನಿ, ಇಂಗ್ಲೆಂಡುಗಳ ಆಸ್ಪತ್ರೆಗಳು ಸೇರಿ ೨೦೧೩ರಲ್ಲಿ ಆರಂಭಿಸಿದ 'ಡ್ಯಾಂಜರ್' ಪರೀಕ್ಷೆಗೆ ತಕ್ಕ ರೋಗಿಗಳನ್ನು ಆಯ್ದುಕೊಳ್ಳಲು ಹತ್ತು ವರ್ಷಗಳು ಹಿಡಿದುವು. ೨೦೨೪ರಲ್ಲಿ ೩೫೫ ರೋಗಿಗಳ ಫಲಿತಾಂಶ ಪ್ರಕಟವಾಯಿತು. ೧೮೦ ದಿನಗಳಲ್ಲಿ ಮರಣಿಸಿದವರು, ರೂಢಿಯ ಚಿಕಿತ್ಸೆಯಲ್ಲಿ ನೂರಕ್ಕೆ ೫೮.೫, ಪಂಪನ್ನೂ ಪಡೆದವರಲ್ಲಿ ೪೫.೮. ಸುಮಾರು ಎಂಟು ಮಂದಿಗೆ ಪಂಪನ್ನು ಅಳವಡಿಸಿದರೆ ಒಬ್ಬರ ಪ್ರಾಣ ಹೆಚ್ಚಾಗಿ ಉಳಿಯುತ್ತದೆಂದು ಇದರ ಅರ್ಥ. ಅಮೆರಿಕದ ಹೃದ್ರೋಗ ಸಂಘಗಳ ೨೦೨೫ರ ಮಾರ್ಗಸೂಚಿ, ಆಯ್ದ ರೋಗಿಗಳಲ್ಲಿ ಇದನ್ನು ಬಳಸುವುದು ಸಮಂಜಸವೆಂದು ಒಪ್ಪಿತು.

ಆದರೆ ಜಮೆಯ ಪುಟವನ್ನಷ್ಟೇ ಓದಿ ಖರ್ಚಿನ ಪುಟವನ್ನು ಮಡಿಚಿಡುವುದು ಲೆಕ್ಕಿಗನ ಧರ್ಮವಲ್ಲ. ಪಂಪನ್ನು ಪಡೆದವರಲ್ಲಿ ತೀವ್ರ ರಕ್ತಸ್ರಾವ ನೂರಕ್ಕೆ ೨೧.೮ ಮಂದಿಗೆ ಆಯಿತು, ಪಡೆಯದವರಲ್ಲಿ ೧೧.೯. ಕಾಲಿಗೆ ರಕ್ತ ಸಾಲದೆ ತೊಂದರೆಯಾದುದು ೫.೬ ಮಂದಿಗೆ, ಪಡೆಯದವರಲ್ಲಿ ೧.೧. ಡಯಾಲಿಸಿಸ್‌ನಂಥ ಮೂತ್ರಪಿಂಡದ ಆಸರೆ ಬೇಕಾದುದು ೪೧.೯ ಮಂದಿಗೆ, ಪಡೆಯದವರಲ್ಲಿ ೨೬.೭. ಮೇಲಾಗಿ, ಹೃದಯ ನಿಂತು ಮರಳಿ ಮಿಡಿದರೂ ಪ್ರಜ್ಞೆ ಬಾರದವರನ್ನು ಈ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಬಲ ಹೃತ್ಕುಕ್ಷಿ ಸೋತವರನ್ನೂ ಸೇರಿಸಿಕೊಂಡಿರಲಿಲ್ಲ. ಆದುದರಿಂದ ಅವರೆಲ್ಲರಿಗೂ ಇದು ಹಿತವೆಂದು ಹೇಳಲಾಗದು.

ರಕ್ತವನ್ನು ಹೊರತೆಗೆದು ಆಮ್ಲಜನಕ ಸೇರಿಸಿ ಮರಳಿಸುವ 'ಎಕ್ಮೋ' ಯಂತ್ರವು ಇನ್ನೂ ಹೆಚ್ಚು ಬಲವುಳ್ಳದ್ದು. ೨೦೨೩ರಲ್ಲಿ ಜರ್ಮನಿಯ ನೇತೃತ್ವದಲ್ಲಿ ಅದನ್ನು ಶಾಕ್ ರೋಗಿಗಳಲ್ಲಿ ಪರೀಕ್ಷಿಸಿದಾಗ ೩೦ ದಿನಗಳ ಮರಣ ಎಕ್ಮೋ ಪಡೆದವರಲ್ಲಿ ನೂರಕ್ಕೆ ೪೭.೮, ಪಡೆಯದವರಲ್ಲಿ ೪೯. ರಕ್ತಸ್ರಾವವಾದರೋ ಇಮ್ಮಡಿಗಿಂತ ಹೆಚ್ಚು. ಯಂತ್ರದ ಬಲ ಹೆಚ್ಚಿದ ಮಾತ್ರಕ್ಕೆ ಪ್ರಾಣ ಉಳಿಯುವುದಿಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ.

ಈ ಯಂತ್ರಗಳು ಯಾವುವೂ ರೋಗವನ್ನು ಗುಣಪಡಿಸುವುದಿಲ್ಲ. ಕಾಲವನ್ನು ಸಾಲ ಕೊಡುತ್ತವೆ. ಆ ಕಾಲದಲ್ಲಿ ನಾಳವನ್ನು ತೆರೆದು, ಉಳಿದ ಸ್ನಾಯು ಚೇತರಿಸಿಕೊಂಡರೆ ಸಾಲ ತೀರುತ್ತದೆ. ಚೇತರಿಸಿಕೊಳ್ಳುವ ಸ್ನಾಯುವೇ ಉಳಿದಿಲ್ಲವಾದರೆ ಬಡ್ಡಿ ಮಾತ್ರ ಬೆಳೆಯುತ್ತದೆ.

ಹಿಂಸೆಯ ಪ್ರಶ್ನೆ

ಇನ್ನು ಎರಡನೆಯ ಆಕ್ಷೇಪ. ಇದನ್ನು ಮರೆಮಾಚಿ ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪದು. ರಕ್ತದೊಳಗೆ ಯಂತ್ರವಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೇಕು. ಸಾಮಾನ್ಯವಾಗಿ ಕೊಡುವುದು ಹೆಪಾರಿನ್. ೧೯೧೬ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ಇಂಥ ಗುಣವನ್ನು ನಾಯಿಯ ಅಂಗಾಂಶದಲ್ಲಿ ಗುರುತಿಸಿದುದು ಇದರ ಮೂಲ. ಹೆಸರಿಗೆ ಕಾರಣ ಪಿತ್ತಜನಕಾಂಗ. ಇಂದು ಜಗತ್ತಿನಲ್ಲಿ ಬಳಕೆಯಾಗುವ ಹೆಪಾರಿನ್ ಬಹುಮಟ್ಟಿಗೆ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಈ ಔಷಧ ಯಂತ್ರಕ್ಕಷ್ಟೇ ಸೀಮಿತವಲ್ಲ. ಆಂಜಿಯೋಪ್ಲಾಸ್ಟಿ, ಬೈಪಾಸ್, ಡಯಾಲಿಸಿಸ್‌ಗಳಲ್ಲಿಯೂ ಬಳಕೆಯಲ್ಲಿದೆ. ಇವುಗಳನ್ನು ಮಾಡಿಸಿಕೊಂಡ ನಮ್ಮವರಲ್ಲಿ ಅನೇಕರು ತಿಳಿಯದೆ ಅದನ್ನು ಪಡೆದಿರುತ್ತಾರೆ. ಬಲೂನೇ ಮೊದಲಾದ ಸಾಧನಗಳನ್ನು ಮನುಷ್ಯರಿಗಿಂತ ಮೊದಲು ನಾಯಿಗಳೇ ಮೊದಲಾದ ಪ್ರಾಣಿಗಳ ಮೇಲೆ ಪ್ರಯೋಗಿಸಲಾಗಿತ್ತೆಂಬುದೂ ಸತ್ಯ.

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದುವನ್ನು ಆದಷ್ಟು ಕಡಮೆ ಮಾಡಬೇಕೆಂದೂ ನಮ್ಮವರು ಹೇಳುತ್ತಾರೆ. ಸಾಯುತ್ತಿರುವ ತಂದೆಗೆ ವೈದ್ಯರು ಕೊಡುವ ಚುಚ್ಚುಮದ್ದಿನಲ್ಲಿ ಮಗನಿಗೆ ಕೊಲ್ಲುವ ಸಂಕಲ್ಪವಿಲ್ಲ. ಆದರೂ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮ ನಮ್ಮದು. ಆದುದರಿಂದ ದೋಷವೇ ಇಲ್ಲವೆಂದು ನಾನು ಹೇಳಲಾರೆ. ಫಲವಿಲ್ಲದ ಮಾಂಸೌಷಧವನ್ನು ಬಿಡಿರೆಂದ ಉಗ್ರಾದಿತ್ಯರ ವಾದವನ್ನು, ಫಲವುಳ್ಳ ಹೆಪಾರಿನ್‌ಗೆ ಹಾಗೆಯೇ ಅನ್ವಯಿಸಲೂ ಬಾರದು. ಬೈವಲಿರುಡಿನ್, ಅರ್ಗಟ್ರೋಬಾನ್ ಎಂಬ ಕೃತಕವಾಗಿ ತಯಾರಿಸಿದ ಔಷಧಗಳಿವೆ. ಅವು ಕೆಲವು ರೋಗಿಗಳಿಗೆ ಸಲ್ಲುತ್ತವೆ, ಎಲ್ಲರಿಗೂ ಎಲ್ಲ ಸಂದರ್ಭದಲ್ಲಿಯೂ ಸಲ್ಲುವುದಿಲ್ಲ. ಆದುದರಿಂದ ಈ ವಿಷಯದಲ್ಲಿ ಕಟ್ಟುನಿಟ್ಟಿನ ನಿಯಮವುಳ್ಳವರು ಆರೋಗ್ಯವಾಗಿರುವಾಗಲೇ ತಮ್ಮ ವೈದ್ಯರಲ್ಲಿ ವಿಚಾರಿಸಿ, ಮನೆಯವರಿಗೆ ತಿಳಿಸಿ, ಬರೆದಿಡುವುದು ಲೇಸು. ತುರ್ತುಚಿಕಿತ್ಸೆಯ ಬಾಗಿಲಲ್ಲಿ ನಿಂತು ಚರ್ಚೆ ಆರಂಭಿಸಿದರೆ ಅದರ ಬೆಲೆಯನ್ನು ತೆರುವವನು ಒಳಗೆ ಮಲಗಿರುವವನು. ಅನಿವಾರ್ಯವಾಗಿ ಸ್ವೀಕರಿಸಿದವರಿಗೆ ಆಲೋಚನೆ, ಪ್ರತಿಕ್ರಮಣಗಳ ದಾರಿ ಇದ್ದೇ ಇದೆ.

ಆಸರೆಯನ್ನು ತೆಗೆಯುವ ಪ್ರಶ್ನೆ

ಯಂತ್ರವನ್ನು ಅಳವಡಿಸಿದ ಮೇಲೆ ಹೃದಯ ಮರಳದಿದ್ದರೆ ಏನು ಮಾಡಬೇಕೆಂಬುದು ಕುಟುಂಬಗಳನ್ನು ಕಾಡುವ ಪ್ರಶ್ನೆ. ಇಂಥಲ್ಲಿ ಕೆಲವರು ಸಲ್ಲೇಖನದ ಹೆಸರೆತ್ತುವುದನ್ನು ಕೇಳಿದ್ದೇನೆ. ಎರಡನ್ನೂ ಬೆರಸುವುದು ಸರಿಯಲ್ಲ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನಕ್ಕೆ ಹೇಳಿರುವ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬಿವು. ಇವು ಪ್ರತೀಕಾರವಿಲ್ಲದವಾಗಿರಬೇಕೆಂಬುದು ಅಲ್ಲಿಯ ನಿಬಂಧನೆ. ಅದು ಪ್ರಜ್ಞೆಯುಳ್ಳ ಸಾಧಕನು ಸ್ವಇಚ್ಛೆಯಿಂದ, ಗುರುಸಾನ್ನಿಧ್ಯದಲ್ಲಿ, ಕಷಾಯಗಳನ್ನು ಕೃಶಗೊಳಿಸುತ್ತ ಸ್ವೀಕರಿಸುವ ವ್ರತ. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಆತ್ಮಹತ್ಯೆಗೆ ಸಮನೆಂದಾಗ ನಾವೆಲ್ಲ ಈ ಭೇದವನ್ನೇ ಒತ್ತಿ ಹೇಳಿದೆವು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಪ್ರಜ್ಞೆಯಿಲ್ಲದ ರೋಗಿಯ ಪರವಾಗಿ ಇನ್ನೊಬ್ಬರು ಸಲ್ಲೇಖನವನ್ನು ಸ್ವೀಕರಿಸಲಾಗದು. ಪ್ರತೀಕಾರವಿರುವ ತನಕ ಚಿಕಿತ್ಸೆ ಕೊಡಿಸುವುದು ಮನೆಯವರ ಕರ್ತವ್ಯ.

ಪ್ರತೀಕಾರ ಮುಗಿದಿದೆಯೆಂದು ವೈದ್ಯರು ನಿರ್ಧರಿಸಿದಾಗ ಯಂತ್ರವನ್ನು ತೆಗೆಯುವುದು ಕೊಲ್ಲುವುದಲ್ಲ. ತೀರಿಸಲಾಗದ ಸಾಲವನ್ನು ಇನ್ನು ಬೆಳೆಸದಿರುವುದು. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ೯ರಂದು ಇದಕ್ಕೆ ನಿಯಮಗಳನ್ನು ವಿಧಿಸಿ, ೨೦೨೩ರ ಜನವರಿಯಲ್ಲಿ ಅವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು ೨೦೨೫ರ ಜನವರಿಯಲ್ಲಿ ಆಸ್ಪತ್ರೆಗಳಲ್ಲಿ ಅವನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಲಿಗಳ ಅಭಿಪ್ರಾಯ ಅದಕ್ಕೆ ಬೇಕು. ಮುಂಚಿತವಾಗಿಯೇ ತಮ್ಮ ಇಚ್ಛೆಯನ್ನು ಬರೆದಿಡುವ ಅವಕಾಶವೂ ಇದೆ. ಮನೆಯ ಹಿರಿಯರು ಆಸ್ತಿಯ ಉಯಿಲಿನ ಜೊತೆಗೆ ಇದನ್ನೂ ಬರೆದಿಟ್ಟರೆ ಮಕ್ಕಳ ಮೇಲಿನ ಭಾರ ಇಳಿಯುತ್ತದೆ.

ಮೈಸೂರಿನ ಸ್ಥಿತಿ ಮತ್ತು ನಮ್ಮ ಟ್ರಸ್ಟುಗಳ ಹೊಣೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೪ರಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂತು. ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ ತಲೆಮಾರುಗಳ ಕಾಲ ಈ ಪ್ರಾಂತದ ಬಡವರಿಗೆ ಆಶ್ರಯವಾಗಿದೆ. ೨೦೧೦ರಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಅದರ ಆವರಣದಲ್ಲಿಯೇ ತನ್ನ ಶಾಖೆಯನ್ನು ತೆರೆದು, ೨೦೧೮ರಲ್ಲಿ ಕೆ.ಆರ್.ಎಸ್. ರಸ್ತೆಯ ಹೊಸ ಕಟ್ಟಡಕ್ಕೆ ಹೋಯಿತು. ಮಂಡ್ಯ, ಚಾಮರಾಜನಗರ, ಕೊಡಗು, ಹಾಸನಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ೨೦೨೧ರ ಅಕ್ಟೋಬರ್ ೨೯ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದಾಗಲೂ, ೨೦೨೫ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗಲೂ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಭಯ ಹುಟ್ಟಿದ ದಿನ ಎಲ್ಲರೂ ಓಡುತ್ತೇವೆ. ನಿಜವಾದ ನೋವು ಬಂದ ದಿನ ವಾಯುವೆಂದು ಮಲಗುತ್ತೇವೆ.

ರಾಜ್ಯ ಸರ್ಕಾರವು ಪುನೀತ್ ಅವರ ಹೆಸರಿನಲ್ಲಿ ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಶಾಕ್ ಬರುವ ಮೊದಲೇ ನಾಳವನ್ನು ತೆರೆಯುವ ಪ್ರಯತ್ನವಿದು. ೧೯೮೮ರಲ್ಲಿ ೧೭,೧೮೭ ರೋಗಿಗಳಲ್ಲಿ ನಡೆದ 'ಐಸಿಸ್-೨' ಪರೀಕ್ಷೆಯು, ಹೃದಯಾಘಾತವಾದೊಡನೆ ಕೊಟ್ಟ ಅಗ್ಗದ ಆಸ್ಪಿರಿನ್ ಮಾತ್ರೆಯೇ ಸಾವುಗಳನ್ನು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿಸುತ್ತದೆಂದು ತೋರಿಸಿತ್ತು. ಹಲವು ಲಕ್ಷ ರೂಪಾಯಿ ಬೆಲೆಯ, ಒಬ್ಬ ರೋಗಿಗೆ ಬಳಸಿದ ಮೇಲೆ ಬಿಸುಡಬೇಕಾದ ಪಂಪಿನ ಪಕ್ಕದಲ್ಲಿ ಈ ಮಾತ್ರೆಯನ್ನಿಟ್ಟು ನೋಡಿದರೆ ದಾನಿಗೆ ವಿವೇಕ ಏಕೆ ಬೇಕೆಂಬುದು ತಿಳಿಯುತ್ತದೆ. ಮಾತ್ರೆಯನ್ನೂ ವೈದ್ಯರ ಸಲಹೆಯಂತೆಯೇ ಕೊಡಬೇಕೆಂಬುದನ್ನು ಮರೆಯಬಾರದು.

ಆದುದರಿಂದ ಸಭೆಗೆ ನಾನು ಒಪ್ಪಿಸಿದ ಅಭಿಪ್ರಾಯ ಹೀಗಿದೆ. ಹೊಸ ಪಂಪಿನಿಂದ ತಕ್ಕ ರೋಗಿಗೆ ಪ್ರಯೋಜನವುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ನುರಿತ ತಂಡ, ಹಗಲಿರುಳೂ ನಡೆಯುವ ತೀವ್ರನಿಗಾ ಘಟಕ, ರೋಗಿಯ ಆಯ್ಕೆಯ ವಿವೇಕ ಇವಿಲ್ಲದೆಡೆ ಯಂತ್ರವನ್ನು ಮಾತ್ರ ದಾನ ಮಾಡಿದರೆ ಅದು ಬೀರುವಿನಲ್ಲಿ ಉಳಿಯುತ್ತದೆ, ಅಥವಾ ಹಾನಿ ಮಾಡುತ್ತದೆ. ಬಸದಿಯ ಹಣ ಮೊದಲು ಸಲ್ಲಬೇಕಾದುದು ಮೊದಲ ಗಂಟೆಗೆ: ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇ.ಸಿ.ಜಿ. ಯಂತ್ರ, ರಾತ್ರಿಯಲ್ಲಿಯೂ ಸಿಗುವ ವಾಹನ, ಎದೆಯನ್ನು ಒತ್ತಿ ಪ್ರಾಣ ಉಳಿಸುವ ಕ್ರಮದ ತರಬೇತಿ, ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿ ಉಪವಾಸಕ್ಕೆ ಕೂರುವ ಮಧುಮೇಹ, ರಕ್ತದೊತ್ತಡಗಳುಳ್ಳ ಹಿರಿಯರಿಗೆ ಮುಂಚಿತವಾದ ತಪಾಸಣೆ, ಎದೆನೋವು, ಎಡತೋಳಿನ ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡರೆ ೧೦೮ಕ್ಕೆ ಕರೆಮಾಡಿರೆಂಬ ಫಲಕ ಪ್ರತಿ ಬಸದಿಯ ಪ್ರಾಂಗಣದಲ್ಲಿ.

ಇದನ್ನು ಓದಿದ ಮೇಲೆ ಆ ದಾನಿಗಳು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆಯೇ ಕರೆದುಕೊಂಡು ಹೋಗಿದ್ದರೆ ಅಪ್ಪಾಜಿ ಉಳಿಯುತ್ತಿದ್ದರೆ, ಅಣ್ಣಾವರೆ?" ನಿಶ್ಚಯವಾಗಿ ಹೇಳಬಲ್ಲವರು ಯಾರೂ ಇಲ್ಲವೆಂದೂ, ಉಳಿಯುವ ಸಂಭವ ಹೆಚ್ಚಿತ್ತೆಂದೂ ಇದ್ದುದನ್ನೇ ಹೇಳಿದೆ. ಓಮದ ಕಷಾಯ ಕೊಟ್ಟ ಕೈಗಳಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ, ತಿಳಿವಳಿಕೆಯೊಂದು ಇರಲಿಲ್ಲ. ಅವರು ತಮ್ಮ ದಾನದ ಸ್ವರೂಪವನ್ನು ಮುಂದಿನ ಸಭೆಯಲ್ಲಿ ತಿಳಿಸುವುದಾಗಿ ಹೇಳಿ ಹೋದರು. ಅವರ ನಿರ್ಧಾರ ಏನೇ ಇರಲಿ, ಉಳಿದ ಟ್ರಸ್ಟುಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ತಿಳಿವಳಿಕೆಯನ್ನು ಹಂಚುವುದು ಶಾಸ್ತ್ರದಾನ, ಚಿಕಿತ್ಸೆಗೆ ನೆರವಾಗುವುದು ಔಷಧದಾನ, ಜೀವಭಯವನ್ನು ನೀಗುವುದು ಅಭಯದಾನ. ಎದೆನೋವು ಬಂದವನನ್ನು ಮೊದಲ ಗಂಟೆಯಲ್ಲಿ ಆಸ್ಪತ್ರೆಗೆ ಮುಟ್ಟಿಸುವುದರಲ್ಲಿ ಈ ಮೂರೂ ಕೂಡಿವೆ.